ಜರ್ಮನಿಸ್ತಾನಕ್ಕೆ ಬೆಂಗಳೂರಿನ ತಾಳ

ಕಾಮಾಕ್ಷಿಪಾಳ್ಯದಲ್ಲಿ ನಾವು ಬಾಡಿಗೆಗಿರುವ ರೂಮಿನ ಕೆಳಗೆ ಒಂದು ಲೇತ್ ಶೆಡ್ಡು ಇದೆ. ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಎತ್ತಿದರೆ ರಾತ್ರಿ ಎಂಟರ ತನಕ ಕಬ್ಬಿಣ ಕೊರೆಯುವ ಸದ್ದು. ಎದುರಿನ ಶೆಡ್ಡಿನಲ್ಲಿ ಪವರ್ ಪ್ರೆಸ್ಸು. ಅದು ತಗಡಿಗೆ ಬಡಿಯುತ್ತದೆ, ಒಂದು ಕ್ಷಣ ತಡೆಯುತ್ತದೆ, ಮತ್ತೆ ಬಡಿಯುತ್ತದೆ. ಮಾಗಡಿ ರಸ್ತೆಯ ಆಚೀಚೆ, ರಾಜಾಜಿನಗರದ ಕೈಗಾರಿಕಾ ಬಡಾವಣೆಯಿಂದ ಸುಂಕದಕಟ್ಟೆಯವರೆಗೆ ಇಂಥ ಶೆಡ್ಡುಗಳು ಲೆಕ್ಕವಿಲ್ಲದಷ್ಟಿವೆ. ನಮ್ಮೂರ ಕಡೆಯಿಂದ ಬಂದ ಎಷ್ಟೋ ಹುಡುಗರು ಇಲ್ಲೇ ಕೆಲಸ ಕಲಿತವರು.

ರೂಮಿಗೆ ಬಂದ ಹೊಸತರಲ್ಲಿ ಎರಡು ಸಾಲು ಸುದ್ದಿ ಬರೆಯುವುದಕ್ಕೂ ಆಗುತ್ತಿರಲಿಲ್ಲ. ತಿಂಗಳು ಕಳೆದ ಮೇಲೆ ನೋಡಿದರೆ, ನಮಗೇ ಗೊತ್ತಿಲ್ಲದೆ ಬೆರಳು ಮೇಜಿನ ಮೇಲೆ ಆ ಪ್ರೆಸ್ಸಿನ ಏಟು ಎಣಿಸುತ್ತಿತ್ತು. ಗದ್ದಲ ಅಂತ ಬೈದುಕೊಳ್ಳುತ್ತಿದ್ದ ಸದ್ದಿಗೆ ಒಂದು ಲೆಕ್ಕ ಇತ್ತು.

ಆ ಹೊತ್ತಿಗೇ ಗೆಳೆಯನೊಬ್ಬ ಫೋನಿಗೆ ಒಂದು ಹಳೇ ರೆಕಾರ್ಡಿನ ಲಿಂಕ್ ಕಳಿಸಿದ. ಹೆಸರು ‘ಜರ್ಮನಿಸ್ತಾನ್’. ವರ್ಷ 1982. ತಂಡದ ಹೆಸರು ಡಿಸಿಡೆಂಟನ್. ಅದರ ಪಕ್ಕದಲ್ಲಿ ಇನ್ನೊಂದು ಹೆಸರಿತ್ತು: ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಬೆಂಗಳೂರು.

ವಿಜಯನಗರದಿಂದ ಕೆಂಗೇರಿಗೆ ಮೆಟ್ರೋದಲ್ಲಿ ಹೋಗುತ್ತಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೇಳಿದೆವು. ಕೆಂಗೇರಿ ಬಂದದ್ದೇ ಗೊತ್ತಾಗಲಿಲ್ಲ.

ಈ ಕಥೆಯನ್ನು ಮೊದಲು, ನಾವು ಆಗಾಗ ಸುದ್ದಿ ಕಳಿಸುವ ಒಂದು ಪತ್ರಿಕೆಗೆ ಕೊಟ್ಟಿದ್ದೆವು. ಡೆಸ್ಕಿನಿಂದ ಫೋನ್ ಬಂತು. “ಚೆನ್ನಾಗಿದೆ ಮಾರಾಯ, ಆದರೆ ಇದರಲ್ಲಿ ಹಳ್ಳಿ ಓದುಗರಿಗೆ ಏನಿದೆ?” ಅಂದರು. ಆಗ ಬಾಯಿಗೆ ಉತ್ತರ ಬರಲಿಲ್ಲ. ಈಗ ಬರೆಯುತ್ತಿದ್ದೇವೆ. ಏನಿದೆ ಅಂತ ಕೊನೆಯಲ್ಲಿ ನೀವೇ ಹೇಳಿ.

ಗದ್ದಲದ ಕಾಲ

ಮೊದಲು ಆ ಕಾಲವನ್ನು ನೋಡೋಣ. 1976-77ರಲ್ಲಿ ಇಂಗ್ಲೆಂಡಿನಲ್ಲಿ ‘ಪಂಕ್’ ಅನ್ನುವ ಸಂಗೀತ ಎದ್ದಿತು. ಕೆಲಸವಿಲ್ಲದ ಹುಡುಗರು ಗಿಟಾರ್ ಹಿಡಿದು, ಕಲಿತಷ್ಟೇ ಸಾಕು ಅಂತ ಜೋರಾಗಿ ಹಾಡಿದರು. ಒಂದೆರಡು ವರ್ಷದಲ್ಲಿ ಅದೂ ಅಂಗಡಿ ಸರಕಾಯಿತು. ಆಗ ಕೆಲವರು ಬೇರೆ ದಾರಿ ಹುಡುಕಿದರು. ಹಾಡಿನ ಅಚ್ಚನ್ನು ಮುರಿದರು, ಯಂತ್ರದ ಸದ್ದು ಸೇರಿಸಿದರು, ಬೇರೆ ದೇಶಗಳ ತಾಳ ಕೇಳಿದರು. ಅದಕ್ಕೆ ‘ಪೋಸ್ಟ್-ಪಂಕ್’ ಅನ್ನುವ ಹೆಸರು ಬಿತ್ತು. 1979ರಲ್ಲಿ ಪಬ್ಲಿಕ್ ಇಮೇಜ್ ಲಿಮಿಟೆಡ್ ಅನ್ನುವ ತಂಡ ತನ್ನ ರೆಕಾರ್ಡನ್ನು ಸಿನಿಮಾ ರೀಲಿನ ಡಬ್ಬದಂಥ ತಗಡಿನ ಡಬ್ಬದಲ್ಲಿ ಹಾಕಿ ಮಾರಿತು. ಅದರ ಹೆಸರೇ ‘ಮೆಟಲ್ ಬಾಕ್ಸ್’.

ಜರ್ಮನಿಯ ಪಶ್ಚಿಮ ಬರ್ಲಿನ್‌ನಲ್ಲಿ 1980ರಲ್ಲಿ ಒಂದು ತಂಡ ಹುಟ್ಟಿತು: ಐನ್‌ಸ್ಟುರ್ಟ್ಸೆಂಡೆ ನೊಯ್‌ಬೌಟೆನ್. ಹೆಸರಿನ ಅರ್ಥ ‘ಕುಸಿಯುತ್ತಿರುವ ಹೊಸ ಕಟ್ಟಡಗಳು’. ಇವರು ಗುಜರಿ ತಗಡು, ಕಬ್ಬಿಣದ ಪೈಪು, ಡ್ರಿಲ್ಲಿಂಗ್ ಮಷೀನು, ಇವುಗಳನ್ನೇ ವಾದ್ಯ ಮಾಡಿಕೊಂಡರು. 1981ರ ಅವರ ಮೊದಲ ರೆಕಾರ್ಡು ‘ಕೊಲಾಪ್ಸ್’ ಕೇಳಿದರೆ ನಮ್ಮ ಕಾಮಾಕ್ಷಿಪಾಳ್ಯದ ಶೆಡ್ಡಿನೊಳಗೇ ನಿಂತಂತಾಗುತ್ತದೆ.

ಅದೇ ಜರ್ಮನಿಯ ಇನ್ನೊಂದು ಗುಂಪು ಹೊಸ ಸದ್ದು ಹುಡುಕಿಕೊಂಡು ಬಸ್ಸು ಹತ್ತಿತು. ಅವರ ದಾರಿ ಬೆಂಗಳೂರಿಗೆ ಬಂದು ಮುಟ್ಟಿತು.

ಹಾಲಿನ ಸಂಘದಂಥ ರೆಕಾರ್ಡ್ ಕಂಪನಿ

ಆ ಗುಂಪಿನ ಹೆಸರು ಎಂಬ್ರಿಯೋ, ಅಂದರೆ ಭ್ರೂಣ. 1969ರಲ್ಲಿ ಮ್ಯೂನಿಕ್ ನಗರದಲ್ಲಿ ಕ್ರಿಶ್ಚಿಯನ್ ಬುರ್ಖಾರ್ಡ್ ಅನ್ನುವ ಡ್ರಮ್ಮರ್ ಕಟ್ಟಿದ್ದು. ರಾಕ್, ಜಾಝ್ ಎರಡನ್ನೂ ಬೆರೆಸಿ ನುಡಿಸುತ್ತಿದ್ದರು. ಇವರನ್ನು ‘ಅಂಡರ್‌ಗ್ರೌಂಡ್’ ಅನ್ನುತ್ತಿದ್ದರು. ಅಂದರೆ ಕದ್ದುಮುಚ್ಚಿ ನುಡಿಸುವವರು ಅಂತಲ್ಲ. ದೊಡ್ಡ ಕಂಪನಿ, ದೊಡ್ಡ ರೇಡಿಯೋಗಳ ಹಂಗಿಲ್ಲದೆ ತಮ್ಮ ಪಾಡಿಗೆ ನುಡಿಸುವವರು ಅಂತ.

ಹಂಗಿಲ್ಲದೆ ಬದುಕುವುದು ಹೇಗೆ? ನಮ್ಮ ಊರುಗಳಿಗೆ ಇದು ಗೊತ್ತಿರುವ ವಿಷಯವೇ. ದಲ್ಲಾಳಿ ಕೇಳಿದ ರೇಟಿಗೆ ಹಾಲು ಹಾಕಿ ಸಾಕಾದವರು ಸೇರಿ ಸಂಘ ಕಟ್ಟಿದ ಹಾಗೆ, 1976ರಲ್ಲಿ ಎಂಬ್ರಿಯೋ ಮತ್ತು ಇನ್ನು ಕೆಲವು ಜರ್ಮನ್ ತಂಡಗಳು ಸೇರಿ ತಮ್ಮದೇ ರೆಕಾರ್ಡ್ ಸಂಸ್ಥೆ ಕಟ್ಟಿದವು. ಹೆಸರು ‘ಏಪ್ರಿಲ್’ ಅಂತ ಇಟ್ಟರು. ಆ ಹೆಸರು ನಮ್ಮದು ಅಂತ ಸಿಬಿಎಸ್ ಅನ್ನುವ ದೊಡ್ಡ ಕಂಪನಿ ತಕರಾರು ತೆಗೆಯಿತು. ಇವರು ಹೆಸರು ಬದಲಿಸಿ ‘ಶ್ನೇಬಾಲ್’ ಅಂದರು, ಹಿಮದ ಉಂಡೆ. ಉರುಳಿದಷ್ಟೂ ದಪ್ಪವಾಗುತ್ತದೆ ಅನ್ನುವ ಆಸೆ ಇದ್ದಿರಬೇಕು. ರೆಕಾರ್ಡು ಮಾಡುವುದು, ಹಂಚುವುದು, ಮಾರುವುದು, ಎಲ್ಲ ಅವರದೇ.

ಈ ಬ್ಲಾಗನ್ನು ನಾವು ಏಳೆಂಟು ಜನ ಸೇರಿ ಶುರು ಮಾಡಿದಾಗ ನಮಗೆ ಶ್ನೇಬಾಲ್ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೆ ಇನ್ನೊಂದಿಷ್ಟು ಧೈರ್ಯ ಇರುತ್ತಿತ್ತು.

1978ರಲ್ಲಿ ಎಂಬ್ರಿಯೋದವರು ವಾದ್ಯ, ಸಂಸಾರ ಎಲ್ಲ ಬಸ್ಸುಗಳಿಗೆ ತುಂಬಿಕೊಂಡು ಭಾರತದ ಕಡೆ ಹೊರಟರು. ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ರಸ್ತೆಯಲ್ಲೇ ಬಂದರು. ಹೋದಲ್ಲೆಲ್ಲ ಅಲ್ಲಿನ ವಾದ್ಯದವರ ಜೊತೆ ಕೂತು ನುಡಿಸಿದರು. ಆ ಪಯಣದ ಮೇಲೆ ‘ವಾಗಾಬುಂಡೆನ್ ಕರವಾನೆ’ ಅನ್ನುವ ಸಾಕ್ಷ್ಯಚಿತ್ರ ಬಂತು, ‘ಎಂಬ್ರಿಯೋಸ್ ರೈಸೆ’ ಅನ್ನುವ ರೆಕಾರ್ಡೂ ಬಂತು. ರೈಸೆ ಅಂದರೆ ಪಯಣ.

ಕಾಲ ಎಂಥದ್ದು ನೋಡಿ. 1978ರ ಏಪ್ರಿಲ್‌ನಲ್ಲಿ ಅಫ್ಘಾನಿಸ್ತಾನದಲ್ಲಿ ಸರ್ಕಾರ ಉರುಳಿತ್ತು. 1979ರ ಜನವರಿಯಲ್ಲಿ ಇರಾನಿನ ಶಾ ದೇಶ ಬಿಟ್ಟು ಹೋದ. ಅದೇ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಕಾಬೂಲಿಗೆ ನುಗ್ಗಿತು. ಯುರೋಪಿನಿಂದ ಭಾರತಕ್ಕೆ ಬಸ್ಸಿನಲ್ಲಿ ಬರುವ ಆ ದಾರಿಯೇ ಮುಚ್ಚಿಹೋಯಿತು. ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ ಇವರು ನುಸುಳಿ ಬಂದಿದ್ದರು.

ಅದೇ 1978ರಲ್ಲಿ ನಮ್ಮಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಮನೆಮನೆಯಲ್ಲಿ ಕನ್ನಡ ಭಾವಗೀತೆ ಕೇಳಿಸಿತು. ಕನ್ನಡದ ಕಿವಿ ಆ ಕಡೆ ಇದ್ದಾಗ, ಬೆಂಗಳೂರಿನದೇ ಇನ್ನೊಂದು ಸದ್ದು ಸದ್ದಿಲ್ಲದೆ ಯುರೋಪಿಗೆ ಹೊರಟಿತ್ತು.

ಬೆಂಗಳೂರಿನ ಲಯದ ಶಾಲೆ

ಟಿ.ಎ.ಎಸ್. ಮಣಿ ಬೆಂಗಳೂರಿನ ಮೃದಂಗ ವಿದ್ವಾಂಸರು. 1964ರಲ್ಲಿ ಅವರು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಸ್ಥಾಪಿಸಿದರು. ಪರ್ಕಶನ್ ಅಂದರೆ ಬಡಿದು, ತಟ್ಟಿ ನುಡಿಸುವ ವಾದ್ಯಗಳು. ಸಂಗೀತ ಕಛೇರಿಯಲ್ಲಿ ಹಾಡುವವರು ನಡುವೆ, ಮೃದಂಗ ಪಕ್ಕದಲ್ಲಿ, ಘಟ ಖಂಜಿರ ಅದರ ಪಕ್ಕದಲ್ಲಿ. ಹೀಗೆ ಪಕ್ಕದಲ್ಲಿ ಕೂರುವವರಿಗಾಗಿಯೇ ಒಂದು ಶಾಲೆ ಮಾಡಿದ್ದು, ಅವರನ್ನೇ ನಡುವೆ ಕೂರಿಸಿದ್ದು ಆ ಹೊತ್ತಿಗೆ ಸಣ್ಣ ವಿಷಯವಲ್ಲ.

ಮಣಿ ಅವರ ಜೊತೆ ಅವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ ಇದ್ದರು. ಘಟ, ಮೋರ್ಸಿಂಗ್‌ಗೆ ಆರ್.ಎ. ರಾಜಗೋಪಾಲ್. ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ಈ ನಾಲ್ಕು ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದೇ ಶಾಲೆಗೆ ರಾಕ್ ಸಂಗೀತದ ಒಬ್ಬರು ಕಲಿಯಲು ಬಂದರು. ರಮೇಶ್ ಶೋಥಮ್. 1970ರ ದಶಕದ ಮೊದಲಲ್ಲಿ ‘ಹ್ಯೂಮನ್ ಬಾಂಡೇಜ್’ ಅನ್ನುವ ರಾಕ್ ತಂಡದ ಡ್ರಮ್ಮರ್ ಆಗಿದ್ದವರು. ರಾಕ್ ಬಿಟ್ಟು ನೆಲದ ಮೇಲೆ ಕೂತು ತವಿಲು ಕಲಿತರು. ಮುಂದೆ ಅವರೂ ಎಂಬ್ರಿಯೋ ಜೊತೆ ನುಡಿಸಿ, ಜರ್ಮನಿಯ ಕಲೋನ್‌ನಲ್ಲಿ ನೆಲೆ ನಿಂತರು.

ಕೊಂಡಿಯಾದ ಇನ್ನೊಬ್ಬರು ಅಮೆರಿಕದ ಬಾಸ್ಟನ್ನಿನವರು. ಚಾರ್ಲಿ ಮರಿಯಾನೋ, ಹುಟ್ಟಿದ್ದು 1923ರಲ್ಲಿ. ದೊಡ್ಡ ಹೆಸರಿನ ಸ್ಯಾಕ್ಸೋಫೋನ್ ವಾದಕ. 1960ರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗ ನಾದಸ್ವರ ಕೇಳಿ ಮರುಳಾದರು. ನಮ್ಮ ಮದುವೆ ಮನೆಯಲ್ಲಿ, ದೇವರ ಉತ್ಸವದಲ್ಲಿ ಊದುವ ಅದೇ ವಾದ್ಯ. ಕೇಳಿ ಸುಮ್ಮನಾಗದೆ ಕೂತು ಕಲಿತರು. ಎಂಬ್ರಿಯೋ ಜೊತೆಗೂ ನುಡಿಸಿದ್ದರು, ಬೆಂಗಳೂರಿನವರ ಜೊತೆಗೂ ನುಡಿಸಿದರು.

ಸಂತೆ ಮತ್ತು ನೀರಿನ ಸರದಿ

ಈಗ ಕೇಳಬೇಕಾದ ಪ್ರಶ್ನೆ: ಗಿಟಾರು, ಡ್ರಮ್ಸು ಇಟ್ಟುಕೊಂಡಿದ್ದ ಇವರಿಗೆ ನಮ್ಮ ಮೃದಂಗ, ಘಟದಲ್ಲಿ ಏನು ಸಿಕ್ಕಿತು?

ರಾಕ್ ಸಂಗೀತದ ಬಹುಪಾಲು ನಾಲ್ಕರ ಲೆಕ್ಕದಲ್ಲಿ ಓಡುತ್ತದೆ. ಒಂದು, ಎರಡು, ಮೂರು, ನಾಲ್ಕು, ಮತ್ತೆ ಒಂದು. ನಮ್ಮ ಲಯಶಾಸ್ತ್ರದಲ್ಲಿ ಐದು ಜಾತಿ ಇವೆ. ತಿಶ್ರ ಅಂದರೆ ಮೂರು, ಚತುರಶ್ರ ನಾಲ್ಕು, ಖಂಡ ಐದು, ಮಿಶ್ರ ಏಳು, ಸಂಕೀರ್ಣ ಒಂಬತ್ತು. ಇವನ್ನು ಬಾಯಲ್ಲೇ ನುಡಿಯುವ ವಿದ್ಯೆಗೆ ಕೊನ್ನಕೋಲ್ ಅನ್ನುತ್ತಾರೆ. ವಾದ್ಯ ಮುಟ್ಟುವ ಮೊದಲು ಶಿಷ್ಯ ಬಾಯಲ್ಲಿ ಹೇಳಿ ಒಪ್ಪಿಸಬೇಕು.

ನೀವೂ ಮಾಡಿ ನೋಡಿ. ಬಸ್ಸಿನಲ್ಲಿದ್ದರೂ ಪರವಾಗಿಲ್ಲ, ಮೆಲ್ಲಗೆ ಹೇಳಿ. ‘ತ ಕ ಧಿ ಮಿ’ ಅಂದರೆ ನಾಲ್ಕು. ‘ತ ಕಿ ಟ’ ಅಂದರೆ ಮೂರು. ಎರಡೂ ಸೇರಿಸಿ ‘ತಕಿಟ ತಕಧಿಮಿ’ ಅಂದರೆ ಏಳು. ಈಗ ಬಾಯಲ್ಲಿ ಈ ಏಳನ್ನು ಬಿಡದೆ ಹೇಳುತ್ತಾ, ಕಾಲಲ್ಲಿ ನಾಲ್ಕು ಅಕ್ಷರಕ್ಕೊಮ್ಮೆ ನೆಲ ತಟ್ಟಿ. ಎರಡನೇ ಸುತ್ತಿಗೇ ಬಾಯಿ ಒಂದು ಕಡೆ, ಕಾಲು ಒಂದು ಕಡೆ. ಎಡವಿದ ಹಾಗಾಗುತ್ತದೆ. ಬಿಡಬೇಡಿ. ಇಪ್ಪತ್ತೆಂಟು ಅಕ್ಷರ ಮುಗಿದ ಕೂಡಲೇ ಬಾಯಿ, ಕಾಲು ಎರಡೂ ಒಟ್ಟಿಗೇ ಶುರುವಿಗೆ ಬಂದು ನಿಲ್ಲುತ್ತವೆ.

ಇದು ಕಷ್ಟದ ಲೆಕ್ಕವೇನಲ್ಲ. ಊರಲ್ಲಿ ಏಳು ದಿನಕ್ಕೊಮ್ಮೆ ಸಂತೆ. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. ಇವತ್ತು ಸಂತೆ, ನೀರು ಎರಡೂ ಒಂದೇ ದಿನ ಬಂದಿದೆ ಅಂದುಕೊಳ್ಳಿ. ಮತ್ತೆ ಎರಡೂ ಒಂದೇ ದಿನ ಬರುವುದು ಇಪ್ಪತ್ತೆಂಟು ದಿನ ಕಳೆದ ಮೇಲೆ. ಅಷ್ಟರ ತನಕ ಒಂದರ ಹಿಂದೆ ಒಂದು ಓಡುತ್ತಾ, ಹತ್ತಿರ ಬರುತ್ತಾ, ದೂರ ಹೋಗುತ್ತಾ ಇರುತ್ತವೆ. ನಮ್ಮ ಅಜ್ಜಿಯರು ಕ್ಯಾಲೆಂಡರ್ ನೋಡದೆ ಈ ಲೆಕ್ಕ ಇಡುತ್ತಿದ್ದರು.

ಬಾಯಿ ಕಾಲು ದೂರವಾದಾಗ ಹೊರಗಿನವರಿಗೆ ಅದು ಗದ್ದಲ. ಎಲ್ಲಿ ಕೂಡುತ್ತದೆ ಅಂತ ಗೊತ್ತಿದ್ದವರಿಗೆ ಅದೇ ಸೊಗಸು. ಯುರೋಪಿನ ಹುಡುಗರು ತಗಡು ಬಡಿದು, ಅಚ್ಚು ಮುರಿದು ಹುಡುಕುತ್ತಿದ್ದ ಆ ಎಡವಾಟ ಇಲ್ಲಿ ಪಾಠವಾಗಿತ್ತು. ಮುರಿದ ಮೇಲೆ ಹೇಗೆ ಮತ್ತೆ ಕೂಡಿಸಬೇಕು ಅನ್ನುವುದೂ ಆ ಪಾಠದಲ್ಲಿತ್ತು.

ವಾದ್ಯಗಳೂ ಹಾಗೆಯೇ. ಮೃದಂಗ ಅಂದರೆ ಹಲಸಿನ ಮರದ ದಿಮ್ಮಿ, ಎರಡು ಬದಿಗೆ ಚರ್ಮ. ನುಡಿಸುವ ಮುಂಚೆ ಎಡಬದಿಗೆ ನೀರಲ್ಲಿ ಕಲಸಿದ ರವೆ ಮೆತ್ತುತ್ತಾರೆ, ಕಛೇರಿ ಮುಗಿದ ಮೇಲೆ ತೆಗೆಯುತ್ತಾರೆ. ಆ ರವೆಯಿಂದಲೇ ಗುಂಯ್ ಅನ್ನುವ ನಾದ. ಘಟ ಅಂದರೆ ಮಣ್ಣಿನ ಮಡಕೆ. ಮೋರ್ಸಿಂಗ್ ಅಂದರೆ ಹಲ್ಲಿಗೆ ಹಿಡಿಯುವ ಅಂಗೈ ಅಗಲದ ಕಬ್ಬಿಣ. ಕರೆಂಟು ಬೇಕಿಲ್ಲದ, ಅಡಿಗೆಮನೆ ಕುಲುಮೆಗಳ ಹತ್ತಿರದ ಸಾಮಾನು. ಆ ಮಡಕೆ ಎಲೆಕ್ಟ್ರಿಕ್ ಗಿಟಾರಿನ ಎದುರು ಕೂತು ಸಮಸಮಕ್ಕೆ ಮಾತಾಡಿತು.

ಆ ರೆಕಾರ್ಡು

ಎಂಬ್ರಿಯೋ ಒಡೆಯಿತು. ಉವೆ ಮ್ಯೂಲ್ರಿಚ್, ಫ್ರೀಡೋ ಯೋಶ್ ಮೊದಲಾದವರು ಹೊರಬಂದು 1981ರಲ್ಲಿ ಹೊಸ ತಂಡ ಕಟ್ಟಿದರು. ಡ್ರಮ್ಸಿಗೆ ಮಾರ್ಲನ್ ಕ್ಲೈನ್. ಡಿಸಿಡೆಂಟನ್ ಅಂದರೆ ಭಿನ್ನಮತೀಯರು. 1982ರಲ್ಲಿ ಬಂದ ಅವರ ಮೊದಲ ರೆಕಾರ್ಡೇ ‘ಜರ್ಮನಿಸ್ತಾನ್’. ಪಾಕಿಸ್ತಾನ, ಅಫ್ಘಾನಿಸ್ತಾನ, ಹಿಂದೂಸ್ತಾನ ದಾಟಿ ಬಂದವರು ತಮ್ಮ ಊರಿಗೂ ‘ಸ್ತಾನ್’ ಅಂಟಿಸಿ ತಮಾಷೆ ಮಾಡಿಕೊಂಡರು. ಬೆಂಗಳೂರಿನ ಮಣಿ, ರಮಾಮಣಿ ಬಳಗ ಮತ್ತು ಮರಿಯಾನೋ ಅದರಲ್ಲಿ ಜೊತೆಗಾರರು.

ನಮಗೆ ಸಂಗೀತದ ಶಾಸ್ತ್ರ ಗೊತ್ತಿಲ್ಲ, ನಮ್ಮ ಕಿವಿಗೆ ಕೇಳಿದ್ದು ಹೇಳುತ್ತೇವೆ. ಮೊದಲ ಸಲ ಕೇಳಿದಾಗ ಸಂತೆಯೊಳಗೆ ನುಗ್ಗಿದಂತಾಯಿತು. ಯಾರು ಯಾರ ಜೊತೆ ಮಾತಾಡುತ್ತಿದ್ದಾರೆ ಅಂತ ಗೊತ್ತಾಗಲಿಲ್ಲ. ಎರಡನೇ ಸಲ ಮೃದಂಗ ಒಂದನ್ನೇ ಹಿಡಿದು ಹೋದೆವು. ಆಗ ಉಳಿದವರು ಎಲ್ಲೆಲ್ಲಿ ನಿಂತಿದ್ದಾರೆ ಅಂತ ಕಂಡಿತು. ರಮಾಮಣಿ ಅವರ ದನಿ ಸ್ವರಗಳನ್ನು ಹಿಡಿದು ಓಡುವಾಗ ಗಂಟಲೂ ಒಂದು ವಾದ್ಯ ಅನ್ನಿಸುತ್ತದೆ. ಕೆಲವು ಕಡೆ ಜರ್ಮನಿಯವರು ತಮ್ಮ ನಾಲ್ಕರ ಲೆಕ್ಕದಲ್ಲೇ ಸುರಕ್ಷಿತವಾಗಿ ಉಳಿದುಬಿಡುತ್ತಾರೆ, ಭಾರವೆಲ್ಲ ಬೆಂಗಳೂರಿನವರ ಹೆಗಲಿಗೆ ಬೀಳುತ್ತದೆ ಅಂತಲೂ ನಮಗನ್ನಿಸಿತು. ಆದರೆ ಹೆಗಲು ಗಟ್ಟಿ ಇತ್ತು.

ಮರುವರ್ಷ, 1983ರ ಫೆಬ್ರವರಿಯಲ್ಲಿ, ಮರಿಯಾನೋ ಜೊತೆ ಈ ಬಳಗ ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನ ಸ್ಟುಡಿಯೋದಲ್ಲಿ ಇನ್ನೊಂದು ರೆಕಾರ್ಡು ಮಾಡಿತು. ಹೆಸರು ‘ಜ್ಯೋತಿ’. ಹೊರತಂದದ್ದು ಇಸಿಎಂ, ಜಗತ್ತಿನ ಜಾಝ್ ಕೇಳುಗರು ಗೌರವದಿಂದ ಹೇಳುವ ಸಂಸ್ಥೆ. ಅದರಲ್ಲಿ ಗಿಟಾರು, ಡ್ರಮ್ಸಿನ ಅಬ್ಬರ ಇಲ್ಲ. ಒಂದು ಸ್ಯಾಕ್ಸೋಫೋನು, ಒಂದು ಗಂಟಲು, ಮೃದಂಗ, ಘಟ, ಖಂಜಿರ. ‘ಜರ್ಮನಿಸ್ತಾನ್’ ಜಾತ್ರೆಯಾದರೆ ‘ಜ್ಯೋತಿ’ ಜಾತ್ರೆ ಮುಗಿದ ರಾತ್ರಿಯ ಗುಡಿಯಂಗಳ. ಹೊಸಬರು ಇದರಿಂದಲೇ ಕೇಳಲು ಶುರು ಮಾಡಿ ಅಂತ ನಮ್ಮ ಸಲಹೆ.

ಡಿಸಿಡೆಂಟನ್ ಮುಂದೆ ಮೊರಾಕ್ಕೋಗೆ ಹೋಯಿತು. ಅಲ್ಲಿನ ಸಂಗೀತಗಾರರ ಜೊತೆ 1984ರಲ್ಲಿ ಮಾಡಿದ ‘ಸಹಾರಾ ಎಲೆಕ್ಟ್ರಿಕ್’ ಯುರೋಪಿನ ಡಾನ್ಸ್ ಹಾಲುಗಳಲ್ಲಿ ಕುಣಿಸಿತು. ಆಮೇಲೆ ಇಂಥ ಬೆರಕೆಗೆಲ್ಲ ‘ವರ್ಲ್ಡ್ ಮ್ಯೂಸಿಕ್’ ಅನ್ನುವ ಅಂಗಡಿ ಹೆಸರು ಬಂತು. ಆ ದಾರಿಯ ಮೊದಲ ಮೈಲಿಗಲ್ಲುಗಳಲ್ಲಿ ಒಂದರ ಮೇಲೆ ಬೆಂಗಳೂರಿನ ಹೆಸರಿದೆ.

ಹೆಸರಿನ ಮಾತು

ಡೆಸ್ಕಿನವರ ಪ್ರಶ್ನೆಗೆ ಈಗ ಬರುತ್ತೇವೆ. ಇದರಲ್ಲಿ ಹಳ್ಳಿ ಓದುಗರಿಗೆ ಏನಿದೆ?

ನಾಲ್ಕು ಹೆಸರು ನೆನಪಿಟ್ಟುಕೊಳ್ಳಿ ಅಂದಿದ್ದೆವು. ಮಣಿ, ರಮಾಮಣಿ, ರಾಜಗೋಪಾಲ್, ಶಶಿಕುಮಾರ್. ‘ಜ್ಯೋತಿ’ ರೆಕಾರ್ಡಿನಲ್ಲಿ ಯಾರು ಏನು ನುಡಿಸಿದರು ಅಂತ ಈ ಹೆಸರುಗಳು ಅಚ್ಚಾಗಿವೆ. ಶೀರ್ಷಿಕೆಯಲ್ಲೇ ಮರಿಯಾನೋ ಹೆಸರಿನ ಪಕ್ಕದಲ್ಲಿ ಕಾಲೇಜಿನ ಹೆಸರಿದೆ. ‘ಸ್ಥಳೀಯ ಕಲಾವಿದರು’ ಅಂತ ಬರೆದು ಕೈ ತೊಳೆದುಕೊಂಡಿಲ್ಲ. ನಲವತ್ತು ವರ್ಷ ಕಳೆದ ಮೇಲೆ ಕಾಮಾಕ್ಷಿಪಾಳ್ಯದ ರೂಮಿನಲ್ಲಿ ಕೂತ ನಮಗೆ ಈ ಕಥೆ ಸಿಕ್ಕಿದ್ದು ಆ ಅಚ್ಚಾದ ಹೆಸರುಗಳಿಂದಲೇ. ಹೆಸರು ಇಲ್ಲದಿದ್ದರೆ ಹುಡುಕುವುದಕ್ಕೆ ತುದಿಯೇ ಇರುತ್ತಿರಲಿಲ್ಲ.

ಈಗ ನಮ್ಮ ಕಡೆ ನೋಡಿ. ಹೋದ ಜಾತ್ರೆಯಲ್ಲಿ ತಮಟೆ ಬಡಿದ ವಿಡಿಯೋ ನಿಮ್ಮ ಫೋನಿನಲ್ಲಿ ಇದ್ದೇ ಇರುತ್ತದೆ. ಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸಿ, ಬೆರಳು ಕೆಂಪಾಗುವ ತನಕ ಬಡಿದವರು. ವಿಡಿಯೋ ಮೇಲೆ ಏನಿದೆ? ‘ನಮ್ಮೂರ ಜಾತ್ರೆ, ಸೂಪರ್ ತಮಟೆ’. ಸಾವಿರಾರು ಜನ ನೋಡಿದ್ದಾರೆ, ಒಂದು ಹೆಸರಿಲ್ಲ. ಆ ತಮಟೆಯಲ್ಲೂ ಮೂರು, ನಾಲ್ಕು, ಏಳರ ಆಟ ಇದೆ. ಅದನ್ನು ಕಲಿಸಿದ ಗುರು ಇದ್ದಾರೆ, ಚರ್ಮ ಹದ ಮಾಡಿ ಬಿಗಿದ ಕೈ ಇದೆ. ಎಲ್ಲವೂ ‘ಸದ್ದು’ ಅನ್ನುವ ಒಂದು ಮಾತಿನೊಳಗೆ ಮುಚ್ಚಿಹೋಗಿದೆ.

ಯಾಕೆ ಹೀಗೆ ಅಂತ ನಮಗೂ ನಿಮಗೂ ಗೊತ್ತು. ಚರ್ಮ ಮುಟ್ಟುವವರ ಹೆಸರನ್ನು ನಮ್ಮ ಊರುಗಳು ಯಾವತ್ತೂ ಜೋರಾಗಿ ಹೇಳಿಲ್ಲ. ಮೃದಂಗದ ವಿಷಯದಲ್ಲೂ ಅಷ್ಟೇ. ನುಡಿಸುವವರಿಗೆ ಶಾಲು, ಮಾಡಿಕೊಡುವವರ ಹೆಸರು ಯಾರಿಗೂ ಬೇಡ. ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ ಮೃದಂಗ ತಯಾರಿಸುವ ಕುಟುಂಬಗಳ ಮೇಲೆಯೇ ಒಂದು ಪುಸ್ತಕ ಬರೆದರು. ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಇವು ಶುರು. ಒಬ್ಬರಿಗೆ ಪದ್ಮಶ್ರೀ ಬಂದರೆ ಉಳಿದವರ ಹೆಸರು ತಾನೇ ಬರೆದುಕೊಳ್ಳುವುದಿಲ್ಲ.

ನಾವೂ ಸಾಚಾ ಅಲ್ಲ. ಡಿಪ್ಲೊಮಾ ಮುಗಿಸಿ ಮೊದಲು ಕಳಿಸಿದ ಜಾತ್ರೆ ವರದಿಯಲ್ಲಿ ಶಾಸಕರ ಹೆಸರು, ತಹಶೀಲ್ದಾರರ ಹೆಸರು, ಧರ್ಮದರ್ಶಿಗಳ ಹೆಸರು ಎಲ್ಲ ಬರೆದು ‘ತಮಟೆ ವಾದ್ಯದೊಂದಿಗೆ ಮೆರವಣಿಗೆ ಸಾಗಿತು’ ಅಂತ ಮುಗಿಸಿದ್ದೆವು. ತಮಟೆ ತಾನೇ ಬಡಿದುಕೊಂಡು ಸಾಗಿದ ಹಾಗೆ! ಆ ಕಟಿಂಗ್ ಇನ್ನೂ ನಮ್ಮ ಹತ್ತಿರ ಇದೆ. ಈ ರೆಕಾರ್ಡಿನ ಹಿಂದಿನ ಹೆಸರುಗಳನ್ನು ಓದಿದ ದಿನ ಅದನ್ನು ತೆಗೆದು ನೋಡಿದೆವು. ನಾಚಿಕೆಯಾಯಿತು.

ಹಾಗಾಗಿ ಒಂದು ಸಣ್ಣ ಕೆಲಸ ಕೇಳುತ್ತಿದ್ದೇವೆ. ಮುಂದಿನ ಹಬ್ಬದಲ್ಲಿ ತಮಟೆಯದೋ, ಡೊಳ್ಳಿನದೋ, ಓಲಗದ್ದೋ ವಿಡಿಯೋ ಮಾಡಿದಾಗ, ನುಡಿಸಿದವರ ಹತ್ತಿರ ಹೋಗಿ ಕೇಳಿ. ಅಣ್ಣ, ನಿಮ್ಮ ಹೆಸರೇನು, ಯಾವೂರು, ಯಾರ ಹತ್ತಿರ ಕಲಿತಿರಿ, ಈ ವಾದ್ಯ ಬಿಗಿದವರು ಯಾರು? ಅವರು ಒಪ್ಪಿದರೆ ಆ ನಾಲ್ಕು ಸಾಲು ವಿಡಿಯೋ ಕೆಳಗೆ ಕನ್ನಡದಲ್ಲಿ ಬರೆಯಿರಿ, ವರ್ಷ ಹಾಕಿ. ಐದು ನಿಮಿಷದ ಕೆಲಸ. ನಲವತ್ತು ವರ್ಷದ ಮೇಲೆ ಯಾವುದೋ ಊರಿನ ರೂಮಿನಲ್ಲಿ ಕೂತ ಯಾರಿಗೋ ಅದೇ ತುದಿಯಾಗುತ್ತದೆ.

ಕೆಳಗಿನ ಶೆಡ್ಡಿನಲ್ಲಿ ಈಗ ಶಟರ್ ಇಳಿಸುತ್ತಿದ್ದಾರೆ. ಪ್ರೆಸ್ಸು ನಿಂತಿದೆ. ಅದನ್ನು ದಿನವಿಡೀ ನಡೆಸುವ ಹುಡುಗ ಕುಣಿಗಲ್ ಕಡೆಯವನು ಅಂತ ಗೊತ್ತಿತ್ತು. ಇಷ್ಟು ತಿಂಗಳು ಅವನ ಏಟು ಎಣಿಸಿದ ನಾವು ಹೆಸರು ಕೇಳಿದ್ದು ನಿನ್ನೆ.